ಸಿಸ್ಟಂ ಅಕ್ಕ

ಕಳೆದ ವಾರ ಕೊಪ್ಪದ ಬಸ್ ನಿಲ್ದಾಣದ ಹತ್ತಿರದ ಗ್ರಂಥಿಗೆ ಅಂಗಡಿಯಲ್ಲಿ ನಿಂತಿದ್ದೆ. ಅಂಗಡಿಯವರು ಯಾರಿಗೋ ಕೊಡಲು ಲಾವಂಚದ ಕಟ್ಟೊಂದನ್ನು ಬಿಚ್ಚಿದರು. ಆ ವಾಸನೆ ಬಂದದ್ದೇ ತಡ, ನಾನು ಏನು ಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ, ಗುಂಯ್‌ಗುಡುವ ಫ್ಯಾನು, ಕಿಟಕಿಯ ಸರಳಿಗೆ ಕಟ್ಟಿದ ಒಂದು ಹಿಡಿ ಬೇರು... ಮಳೆಗಾಲದಲ್ಲಿ ಸರ್ವರ್ ಕೋಣೆ ಮುಗ್ಗಲು ನಾರುತ್ತದೆಂದು ಅಕ್ಕ ತಂದು ಕಟ್ಟಿದ್ದ ಲಾವಂಚ ಅದು.

ಆ ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ನಾನು ಆಗಷ್ಟೇ ಸೇರಿದ್ದೆ. ಕೊಪ್ಪದ್ದು ದೊಡ್ಡ ಆಸ್ಪತ್ರೆ. ಶೃಂಗೇರಿಯಲ್ಲೂ ನರಸಿಂಹರಾಜಪುರದಲ್ಲೂ ಅದರ ಚಿಕ್ಕ ಕ್ಲಿನಿಕ್‌ಗಳಿದ್ದವು. ಮೂರೂ ಕಡೆಯ ರೋಗಿಗಳ ವಿವರ ಇದ್ದ ಡೇಟಾಬೇಸನ್ನು ನೋಡಿಕೊಳ್ಳುತ್ತಿದ್ದವರು ಅಕ್ಕ. ಸೀತೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಡಾಕ್ಟರಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರಿಗೂ ಅವರು ‘ಸಿಸ್ಟಂ ಅಕ್ಕ’. ಮೆತ್ತಗೆ ಮಾತಾಡುವವರಲ್ಲ. ನಕ್ಕರೆ ಎಕ್ಸ್‌ರೇ ಕೋಣೆಗೂ ಕೇಳಿಸುತ್ತಿತ್ತು. ಚಹಾ ಚೆನ್ನಾಗಿಲ್ಲದಿದ್ದರೆ ಲೋಟವನ್ನು ಹಾಗೇ ವಾಪಸ್ ಕಳಿಸುತ್ತಿದ್ದರು.

ಅವರ ಒಂದು ಅಭ್ಯಾಸ ನಮಗೆಲ್ಲ ತಮಾಷೆಯ ವಿಷಯವಾಗಿತ್ತು. ಬ್ಯಾಕಪ್ ತೆಗೆದಿಟ್ಟು ಸುಮ್ಮನಾಗುತ್ತಿರಲಿಲ್ಲ. ಆಗಾಗ ಅದನ್ನು ಮೂಲೆಯ ಹಳೇ ಕಂಪ್ಯೂಟರಿಗೆ ಹಾಕಿ, ಯಾರದೋ ಒಬ್ಬ ರೋಗಿಯ ವಿವರ ತೆರೆದು, ನಮ್ಮಿಂದ ಅಸಲಿನ ಜೊತೆ ತಾಳೆ ನೋಡಿಸುತ್ತಿದ್ದರು. ಕೆಲಸವಿಲ್ಲದ ಕೆಲಸ ಎಂದು ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಆದರೆ ಬಿಡುತ್ತಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಮೇಗುಂದದ ಕಡೆಯ ಹೆಂಗಸೊಬ್ಬರನ್ನು ಕರೆತಂದರು. ಅಪೆಂಡಿಕ್ಸ್ ಒಡೆಯುವ ಹಂತಕ್ಕೆ ಬಂದಿತ್ತು, ಆಪರೇಷನ್ ತಡ ಮಾಡುವ ಹಾಗಿರಲಿಲ್ಲ. ನಾನು ರಕ್ತದ ಗುಂಪು ನೋಡಿದೆ. ‘ಓ’ ಬಂತು. ಕಂಪ್ಯೂಟರಿನಲ್ಲಿ ಅವರ ಹೆಸರಿನ ಮುಂದೆ ‘ಬಿ’ ಎಂದಿತ್ತು.  ಹೊಸಬಳು, ನನ್ನದೇ ತಪ್ಪಿರಬೇಕೆಂದು ಮತ್ತೊಮ್ಮೆ ನೋಡಿದೆ. ಆಗಲೂ ‘ಓ’.

ಅಷ್ಟರಲ್ಲಿ ಸರ್ಜನ್ ಇನ್ನೊಂದು ವಿಷಯ ಕೇಳಿದರು. ಹಿಂದೆ ಇದೇ ಆಸ್ಪತ್ರೆಯಲ್ಲಿ ಯಾವುದೋ ಇಂಜೆಕ್ಷನ್ ಕೊಟ್ಟಾಗ ಆಕೆಗೆ ಮುಖ ಊದಿ, ಉಸಿರು ಕಟ್ಟಿ, ಬದುಕಿದ್ದೇ ಹೆಚ್ಚಾಗಿತ್ತಂತೆ. ಯಾವ ಇಂಜೆಕ್ಷನ್ ಎಂದು ಆಕೆಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಆಗದ ಔಷಧಿ ಬರೆಯುವ ಜಾಗ ಖಾಲಿ ಇತ್ತು.

ನಾನು ಓಡಿಹೋಗಿ ಅಕ್ಕನಿಗೆ ಹೇಳಿದೆ. ಅವರು ತೆರೆಯನ್ನು ನೋಡುತ್ತಾ ಕೂತರು.  ಆಮೇಲೆ ಆ ಹೆಸರಿನಡಿ ಇದ್ದ ವಿಳಾಸ ತೋರಿಸಿದರು. ಅದು ಮೇಗುಂದದ್ದಲ್ಲ, ನರಸಿಂಹರಾಜಪುರದ ಇನ್ನೊಬ್ಬ ಹೆಂಗಸಿನದು. ಇಬ್ಬರದೂ ಒಂದೇ ಹೆಸರು, ಗಂಡಂದಿರ ಹೆಸರೂ ಒಂದೇ. ಹಿಂದಿನ ದಿನ ಹೊರಗಿನ ಕಂಪನಿಯ ಒಬ್ಬಾತ ಬಂದು, ಎರಡೆರಡು ಸಲ ದಾಖಲಾದವರನ್ನು ಒಂದು ಮಾಡುತ್ತೇನೆಂದು ಯಾವುದೋ ಪ್ರೋಗ್ರಾಂ ಓಡಿಸಿ ಹೋಗಿದ್ದ. ಭಾನುವಾರ, ಅಕ್ಕ ರಜೆಯಲ್ಲಿದ್ದರು. ಹೆಸರು ಹೊಂದಿಕೆಯಾದವರನ್ನೆಲ್ಲ ಅದು ಒಬ್ಬರೇ ಎಂದುಕೊಂಡಿತ್ತು. ರೋಗಿಯ ಹೆಸರು ಒಂದು ಪಟ್ಟಿಯಲ್ಲಿ, ರಕ್ತದ ಗುಂಪು ಇನ್ನೊಂದರಲ್ಲಿ, ಆಗದ ಔಷಧಿ ಮತ್ತೊಂದರಲ್ಲಿ. ಎಲ್ಲವನ್ನೂ ಪೋಣಿಸುವುದು ಒಂದು ನಂಬರು. ಇಬ್ಬರಿಗೆ ಒಂದೇ ನಂಬರು ಬಂದಾಗ ಒಬ್ಬರ ವಿವರ ಅಳಿಸಿಹೋಗಿತ್ತು. ಹೀಗೆ ಇನ್ನೆಷ್ಟು ಜನರದ್ದೋ...

ಅಕ್ಕ ನೇರವಾಗಿ ದೊಡ್ಡ ಡಾಕ್ಟರ ಕೋಣೆಗೆ ಹೋದರು. ನಾನೂ ಹಿಂದೆ ಹೋದೆ. ಹೊರಗೆ ರೋಗಿಗಳು ತುಂಬಿದ್ದರು. ಮೂರೂ ಕಡೆ ಸಿಸ್ಟಂ ನಿಲ್ಲಿಸಬೇಕು ಎಂದರು ಅಕ್ಕ. ಡಾಕ್ಟರು ಒಪ್ಪಲಿಲ್ಲ, ತಪ್ಪು ಕಂಡದ್ದನ್ನು ಕಂಡಂತೆ ತಿದ್ದಿಕೊಂಡರೆ ಸಾಲದೇ ಎಂದರು.

“ಇಲ್ಲ ಡಾಕ್ಟ್ರೇ. ತಪ್ಪಿನ ಮೇಲೆ ಬರೀತಾ ಹೋದ್ರೆ ಆಮೇಲೆ ನಂಗೂ ಬಿಡಿಸ್ಲಿಕ್ಕೆ ಆಗೂದಿಲ್ಲ. ಇವತ್ತೊಂದು ದಿನ ಚೀಟೀಲಿ ಬರ್ಕೊಳ್ಳಿ. ಬೈಗುಳ ಬಂದ್ರೆ ನನ್ನ ಹೆಸ್ರು ಹೇಳಿ.”

 ಡಾಕ್ಟರು ಫೋನ್ ಎತ್ತಿ ಶೃಂಗೇರಿಗೂ ನರಸಿಂಹರಾಜಪುರಕ್ಕೂ ಹೇಳಿದರು.

ಅಕ್ಕ ಕೆಟ್ಟ ಡೇಟಾಬೇಸನ್ನು ಮುಟ್ಟಲೇ ಇಲ್ಲ. ಅದರ ಒಂದು ಪ್ರತಿ ತೆಗೆದು ಬದಿಗಿಟ್ಟರು. ಹಳೆಯ ಬ್ಯಾಕಪ್ಪನ್ನು ಮೂಲೆಯ ಕಂಪ್ಯೂಟರಿಗೆ ಹಾಕತೊಡಗಿದರು. ಸರ್ಜನ್ ಬಾಗಿಲಲ್ಲೇ ನಿಂತಿದ್ದರು. ಅರ್ಧ ದಾರಿಯಲ್ಲಿ ಅದು ನಿಂತು, ತೆರೆಯ ಮೇಲೆ ಉದ್ದನೆಯ ಇಂಗ್ಲಿಷ್ ಸಾಲುಗಳು ಬಂದವು.  ಬಂದ್ ಮಾಡಿ ಮತ್ತೆ ಶುರು ಮಾಡೋಣವೇ ಎಂದೆ.

“ಗಡಿಬಿಡಿ ಮಾಡ್ಬೇಡ ಮಾರಾಯ್ತಿ. ಅದು ಎಂತ ಹೇಳ್ತಾ ಉಂಟು ಅಂತ ಮೊದ್ಲು ಓದುವ.”

ಪ್ರತಿ ಪದವನ್ನೂ ಗಟ್ಟಿಯಾಗಿ ಓದಿದರು, ಮಕ್ಕಳಿಗೆ ಪಾಠ ಓದಿದ ಹಾಗೆ. ಡಿಸ್ಕಿನಲ್ಲಿ ಜಾಗವಿಲ್ಲ, ಅಷ್ಟೇ. ಆ ಕಂಪ್ಯೂಟರಿನಲ್ಲಿ ಅವರು ಎಷ್ಟೋ ಕಾಲದಿಂದ ಕೂಡಿಟ್ಟ ಹಾಡುಗಳಿದ್ದವು. ಒಮ್ಮೆಯೂ ತಡೆಯದೆ ಎಲ್ಲವನ್ನೂ ಅಳಿಸಿದರು. ಕೆಲಸ ಮುಂದೆ ಸಾಗಿತು.

ಮತ್ತೆ ಆ ಹೆಸರು ಹುಡುಕಿದಾಗ ತೆರೆಯ ಮೇಲೆ ಎರಡು ಸಾಲು ಮೂಡಿದವು. ಒಂದು ನರಸಿಂಹರಾಜಪುರ, ‘ಬಿ’. ಇನ್ನೊಂದು ಮೇಗುಂದ, ‘ಓ’. ಮೇಗುಂದದವರ ಮುಂದೆ ಆ ಇಂಜೆಕ್ಷನ್‌ನ ಹೆಸರು ಸ್ಪಷ್ಟವಾಗಿತ್ತು.  ಅವತ್ತು ಕೊಡಲು ತೆಗೆದಿಟ್ಟಿದ್ದೂ ಅದೇ ಆಗಿತ್ತು. ಸರ್ಜನ್ ಥಿಯೇಟರಿನ ಕಡೆ ಹೆಚ್ಚುಕಡಿಮೆ ಓಡಿದರು.

ನಾನು ಆ ಸಾಲನ್ನು ಮತ್ತೊಮ್ಮೆ ಓದಿದೆ. ಇಲ್ಲವಾಗಿಹೋಗಿದ್ದ ಒಬ್ಬ ಹೆಂಗಸು ತನ್ನ ಊರು, ರಕ್ತ, ಅಪಾಯ ಎಲ್ಲದರ ಸಮೇತ ಎದ್ದು ಬಂದ ಹಾಗೆ... ಅಕ್ಕ ಮಾತ್ರ ಆಗಲೇ ಮುಂದಿನ ಕೆಲಸಕ್ಕೆ ಕೂತಿದ್ದರು. ಬ್ಯಾಕಪ್ ಆದಮೇಲೆ ನಡೆದ ಪ್ರತಿ ಬದಲಾವಣೆಯನ್ನೂ ಡೇಟಾಬೇಸ್ ತಾನೇ ಕ್ರಮವಾಗಿ ಲಾಗ್‌ನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅದನ್ನು ಒಂದೊಂದಾಗಿ ಮತ್ತೆ ನಡೆಸುತ್ತಾ ಹೋಗಿ, ಆ ತಪ್ಪು ಆಗುವ ಕ್ಷಣಕ್ಕೆ ಸ್ವಲ್ಪ ಮೊದಲು ನಿಲ್ಲಿಸಬೇಕು. ಬೇಗ ನಿಲ್ಲಿಸಿದರೆ ಯಾರದೋ ರಿಪೋರ್ಟು ಹೋಗುತ್ತದೆ. ತಡವಾದರೆ ತಪ್ಪೂ ಮತ್ತೆ ಬಂದುಬಿಡುತ್ತದೆ.

ಕಂಪನಿಯ ಆ ಮನುಷ್ಯನೂ ಸುದ್ದಿ ಕೇಳಿ ಬಂದಿದ್ದ. ಮೂವತ್ತು ದಾಟಿದವನು, ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಬೈಯುತ್ತಾರೆಂದು ನಾನು ಕಾದೆ. ಅವರು ಪಕ್ಕದ ಸ್ಟೂಲ್ ಎಳೆದರು.

“ಬಾ ಮಾರಾಯ, ಕೂತ್ಕೋ. ನಾನೂ ಒಂದ್ಸಲ ರೋಗಿಗಳ ಇಡೀ ಪಟ್ಟಿಯನ್ನೇ ಅಳಿಸಿದ್ದೆ. ನೋಡು, ವಾಪಸ್ ತರೂದು ಹ್ಯಾಂಗೆ ಅಂತ.”

ಇಬ್ಬರೂ ಸೇರಿ ಲಾಗ್‌ನಲ್ಲಿ ಆ ಕ್ಷಣವನ್ನು ಹುಡುಕಿದರು. ಸಂಜೆಯ ಬಸ್ಸು ಹೊರಡುವ ಮೊದಲು ಎಲ್ಲರೂ ತಂತಮ್ಮ ನಂಬರಿಗೆ ಮರಳಿದ್ದರು. ಬದಿಗಿಟ್ಟ ಪ್ರತಿಯಲ್ಲಿದ್ದ ಆಮೇಲಿನ ದಾಖಲೆಗಳನ್ನೂ ಚೀಟಿಗಳಲ್ಲಿ ಬರೆದದ್ದನ್ನೂ ನಾವು ಮರುದಿನ ಸೇರಿಸಿದೆವು. ಸೀತೂರಿನ ಬಸ್ಸಿಗೆ ಓಡುವಾಗ ಅಕ್ಕ ಬೈದದ್ದು ಮಧ್ಯಾಹ್ನದ ಚಹಾವನ್ನು ಮಾತ್ರ.

ಆಮೇಲೆ ಅವರು ನನಗೆ ಎಷ್ಟೋ ಕಲಿಸಿದರು. ಎರಡು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ಅವರು ಬರಲಿಲ್ಲ, ಫೋನ್ ಬಂತು. ಬಸ್ಸಿಗೆ ಹೊರಟವರಿಗೆ ಅಂಗಳದಲ್ಲೇ ಎದೆನೋವು ಬಂತಂತೆ. ಆಸ್ಪತ್ರೆಗೆ ಕರೆತರುವಷ್ಟೂ ಸಮಯ ಸಿಗಲಿಲ್ಲವಂತೆ... ಈಗ ನಮ್ಮ ಡೇಟಾಬೇಸನ್ನು ದೂರದ ಯಾವುದೋ ಊರಿನಿಂದ ನೋಡಿಕೊಳ್ಳುತ್ತಾರೆ. ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಅವರ ಮುಖ ನಾವು ನೋಡಿಲ್ಲ.

ಮೊನ್ನೆ ಮೇಗುಂದದ ಆ ಹೆಂಗಸು ಸಕ್ಕರೆ ಪರೀಕ್ಷೆಗೆ ಬಂದಿದ್ದರು. ರಕ್ತ ತೆಗೆಯುತ್ತಾ, ತಡೆಯಲಾಗದೆ, ನಿಮ್ಮ ಆಪರೇಷನ್ ದಿನ ನಿಮ್ಮನ್ನು ಉಳಿಸಿದ ಅಕ್ಕ ಒಬ್ಬರು ಇಲ್ಲಿದ್ದರು ಎಂದೆ.

“ಹೌದಾ? ಡಾಕ್ಟ್ರಾ?”

ಅಲ್ಲ ಎಂದೆ.

“ನರ್ಸಾ ಹಂಗಾರೆ?”

ಅದೂ ಅಲ್ಲ ಎಂದೆ.  ಅಕ್ಕನ ಕೆಲಸವನ್ನು ಆಕೆಗೆ ಅರ್ಥವಾಗುವ ಹಾಗೆ ಹೇಳುವ ಒಂದು ಪದ ನನ್ನಲ್ಲಿರಲಿಲ್ಲ. ಆಕೆ ಹತ್ತಿಯನ್ನು ಮೊಣಕೈಗೆ ಒತ್ತಿಕೊಂಡು ಎದ್ದರು.

“ಎಂತದೇ ಆಗ್ಲಿ, ಎಲ್ಲಿದ್ದಾರೆ ಹೇಳು. ಒಂದ್ಸಲ ಮಾತಾಡ್ಸಿ ಹೋಗ್ತೆ.”