ತುಳುಕದ ಚಹಾ

ಭಾಂಡುಪ್‌ನಲ್ಲಿ ನಮ್ಮ ಮನೆ ಹಳಿಗೆ ಅಂಟಿಕೊಂಡಂತೆಯೇ ಇದೆ. ಮುಂಬೈಯ ಫಾಸ್ಟ್ ಲೋಕಲ್ ರೈಲು ಹೋಗುವಾಗ ಅಡಿಗೆಮನೆಯ ತಾಟು, ಲೋಟ, ಡಬ್ಬಿಗಳೆಲ್ಲ ಕುಣಿಯತೊಡಗುತ್ತವೆ. ಕಿಟಕಿಗಳು ಗಡಗಡ ಎನ್ನುತ್ತವೆ. ಅವ್ವ ಧಾರವಾಡದ ತನ್ನ ತಂಗಿಯ ಜೊತೆ ಫೋನಿನಲ್ಲಿದ್ದರೆ, “ತಡಿ, ಗಾಡಿ ಹೋಗಲಿ” ಎಂದು ಮಾತು ನಿಲ್ಲಿಸುತ್ತಾಳೆ; ಗಾಡಿ ಹೋದ ಮೇಲೆ ಬಿಟ್ಟ ಶಬ್ದದಿಂದಲೇ ಮತ್ತೆ ಶುರುಮಾಡುತ್ತಾಳೆ. ಇಂಥ ಸದ್ದು ಕೇಳಲು ಜನ ಟಿಕೆಟ್ ತೆಗೆಸಿ ಬರುತ್ತಾರೆಂದು ಯಾರಾದರೂ ಹೇಳಿದ್ದರೆ ಮೊದಲು ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಆ ಸದ್ದನ್ನು ತಯಾರಿಸಿ ಕೊಟ್ಟವರಲ್ಲಿ ನಾನೂ ಒಬ್ಬಳು.

ನಾನು ಕೆಲಸ ಮಾಡುವುದು ರೈಲು ಬೋಗಿಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ. ಅಪ್ಪ ಅಲ್ಲೇ ನೌಕರಿಯಲ್ಲಿದ್ದಾಗ ತೀರಿಕೊಂಡರು, ಅವರ ಬದಲಿಗೆ ನನ್ನನ್ನು ತೆಗೆದುಕೊಂಡರು. ನನ್ನದು ಸೀಟು ಹೊಲಿಯುವ ವಿಭಾಗ. ಸೀಟಿಗೆ ತೊಗಲು, ರೆಕ್ಸಿನ್ ಹೊದಿಸುವುದರ ಜೊತೆಗೆ ಇನ್ನೊಂದು ಕೆಲಸವೂ ನಮ್ಮ ಪಾಲಿಗೆ ಬರುತ್ತದೆ. ಹಳೆಯ ಬೋಗಿಗಳ ಮರದ ಕಿಟಕಿಗಳು ಮೇಲೆ ಕೆಳಗೆ ಸರಿಯುವ ತೋಡಿನಲ್ಲಿ ಉಣ್ಣೆಯ ದಪ್ಪ ಪಟ್ಟಿ ಅಂಟಿಸಬೇಕು. ಪಟ್ಟಿ ಇಲ್ಲದಿದ್ದರೆ ಮರಕ್ಕೆ ಮರ ಬಡಿದು ದಾರಿಯುದ್ದಕ್ಕೂ ಜಗಳ. ನನ್ನ ಕೆಲಸ ಚೆನ್ನಾಗಿದ್ದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಹಾಗಾಗಿ ಯಾರೂ ಹೊಗಳುವುದೂ ಇಲ್ಲ.

ಈ ಮೌನದ ದೊಡ್ಡ ಗುರು ನಮ್ಮ ಬಡಗಿ ವಿಭಾಗದ ಮಿಸ್ತ್ರಿ. ವಿಜಯಪುರದ ಕಡೆಯವರು, ಆಂಟಾಪ್ ಹಿಲ್‌ನ ಕ್ವಾರ್ಟರ್ಸಿನಲ್ಲಿ ಇದ್ದರು. ನಾನು ಕೆಲಸಕ್ಕೆ ಸೇರಿದ ದಿನ, “ಹೆಣ್ಣಮಗಳಿಗೆ ಆಫೀಸಿನ್ಯಾಗ ಕುರ್ಚಿ ಕೊಡ್ರಿ, ಇಲ್ಯಾಕ ಕಳಸೀರಿ” ಎಂದು ಇಡೀ ಶೆಡ್ಡಿಗೆ ಕೇಳುವಂತೆ ಹೇಳಿದ್ದರು. ನಾನು ಮೊದಲ ಕಿಟಕಿಗೆ ಪಟ್ಟಿ ಹಾಕಿದ ಮೇಲೆ ಬಂದು ಅದನ್ನು ಮೇಲೆ ಕೆಳಗೆ ಎಳೆದು ನೋಡಿ, “ಇರಲಿ, ಇಲ್ಲೇ ಇರಲಿ” ಎಂದು ಹೋದರು. ಅದೇ ನನಗೆ ಸಿಕ್ಕ ಬಡ್ತಿ. ಅಂದಿನಿಂದ ನಾನು ಅವರಿಗೆ ತಂಗಿ, ಅವರು ನನಗೆ ಕಾಕಾ. ಅವರಿಗಿದ್ದ ಜಂಬ ಸಣ್ಣದಲ್ಲ. ದೇವರು ಸಾಗವಾನಿ ಮರ ಹುಟ್ಟಿಸಿದ್ದೇ ತಮ್ಮ ಕೈಗೆ ಸಿಗಲೆಂದು ಎನ್ನುವ ಹಾಗೆ ಓಡಾಡುತ್ತಿದ್ದರು. ಬೇರೆ ಯಾರಾದರೂ ಹೊಡೆದ ಮೊಳೆಯನ್ನು ಅವರು ಒಂದು ಸಲವೂ ಹೊಗಳಿದ್ದನ್ನು ನಾನು ಕೇಳಿಲ್ಲ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಮರದ ಬೋಗಿ ರಿಪೇರಿ ಮುಗಿದು ಶೆಡ್ಡಿನಿಂದ ಕೊನೆಯದಾಗಿ ಹೊರಗೆ ಹೊರಡುವಾಗ ಮಿಸ್ತ್ರಿ ಒಳಗೆ ಕಿಟಕಿಯ ಕಟ್ಟೆಯ ಮೇಲೆ ಒಂದು ಗ್ಲಾಸು ಚಹಾ ಇಡುತ್ತಾನೆ. ಅಂಚಿನವರೆಗೆ ತುಂಬಿರಬೇಕು. ಶಂಟಿಂಗ್ ಎಂಜಿನ್ ಬೋಗಿಯನ್ನು ಯಾರ್ಡಿನ ಆ ಕೊನೆಯವರೆಗೆ ಎಳೆದುಕೊಂಡು ಹೋಗುತ್ತದೆ. ಚಹಾ ಚೆಲ್ಲದಿದ್ದರೆ ಮಿಸ್ತ್ರಿ ಅದನ್ನು ಅಲ್ಲೇ ಕುಡಿಯುತ್ತಾನೆ, ಬೋಗಿ ಪಾಸು. ಚೆಲ್ಲಿದರೆ ಬೋಗಿ ಶೆಡ್ಡಿಗೆ ವಾಪಸ್. ಮುಂಚೆ ಪ್ರಾಕ್ಟೀಸ್ ಇಲ್ಲ, ಎರಡನೇ ಗ್ಲಾಸೂ ಇಲ್ಲ. ಉಳಿದ ಮಿಸ್ತ್ರಿಗಳು ಎರಡು ಗಾಲಿಗಳ ನಡುವಿನ ಕಿಟಕಿ ಆರಿಸುತ್ತಿದ್ದರು, ಅಲ್ಲಿ ಕುಲುಕಾಟ ಕಡಿಮೆ. ನಮ್ಮ ಕಾಕಾ ಮಾತ್ರ ಗಾಲಿಯ ಮೇಲಿನ ಕಿಟಕಿಯಲ್ಲೇ ಇಡುತ್ತಿದ್ದರು. “ತುಂಬಿದ ಕೊಡ ತುಳುಕಂಗಿಲ್ಲ ಅಂತಾರ. ಸುಳ್ಳು. ಬೋಗಿ ನೆಟ್ಟಗಿದ್ರ ಅಷ್ಟ ತುಳುಕಂಗಿಲ್ಲ,” ಎನ್ನುತ್ತಿದ್ದರು. ನಾನು ಬಂದಮೇಲೆ ಅವರ ಚಹಾ ಒಮ್ಮೆಯೂ ಚೆಲ್ಲಿರಲಿಲ್ಲ. ಕಷ್ಟವೆಲ್ಲ ಕ್ಯಾಂಟೀನ್ ನಡೆಸುವ ಉಡುಪಿಯವರದು. “ನಿಮ್ಮ ಬೋಗಿ ತುಳುಕದಿರಬಹುದು ಮಾರಾಯ್ರೆ, ನನ್ನ ಕೈ ತುಳುಕ್ತದೆ,” ಎಂದು ಅವರು ಗ್ಲಾಸನ್ನು ಕೂಸಿನಂತೆ ಹಿಡಿದು ತರುತ್ತಿದ್ದರು.

ಕಾಕಾ ನಿವೃತ್ತರಾಗುವ ವರ್ಷ ಒಂದು ಹೆರಿಟೇಜ್ ಬೋಗಿ ಬಂತು. ಹಳೆಯ ಮೂರನೇ ದರ್ಜೆಯದು. ಯಾವುದೋ ಯಾರ್ಡಿನ ಮೂಲೆಯಲ್ಲಿ ಹಗ್ಗ, ಬಕೆಟ್ಟು ತುಂಬಿಡುವ ಕೋಣೆಯಾಗಿ ಬದುಕಿತ್ತು. ಚಾವಣಿಯ ಮೇಲೆ ಅರಳಿ ಗಿಡ ಹುಟ್ಟಿತ್ತು. ನೋಡಿಕೊಳ್ಳುವವರಿಲ್ಲದಾಗ ಅದು ಗುಜರಿ, ನೋಡುವವರು ಬರುತ್ತಾರೆಂದಾಗ ಪರಂಪರೆ. ವರ್ಕ್‌ಶಾಪಿನ ಅಂಗಳದಲ್ಲಿ ಪ್ರವಾಸಿಗರಿಗಾಗಿ ಒಂದು ತುಂಡು ಹಳಿ ಹಾಕಿ, ಭಾನುವಾರಗಳಂದು ಅದನ್ನು ಓಡಿಸುವುದೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಮರದ ಬೋಗಿಗಳು ನಮ್ಮಲ್ಲಿಗೆ ಬರುವುದೇ ಅಪರೂಪವಾಗಿತ್ತು. ಇದು ತಮ್ಮ ಕೊನೆಯ ಬೋಗಿ, ಕೊನೆಯ ಗ್ಲಾಸು ಎಂದು ಕಾಕಾಗೆ ಗೊತ್ತಿತ್ತು. ನಮಗೂ ಗೊತ್ತಾಗಲೆಂದು ದಿನಾ ಹೇಳುತ್ತಿದ್ದರು.

ಅವರು ಆ ಬೋಗಿಗೆ ಮಾಡಿದ ಉಪಚಾರ ಬಾಣಂತಿಗೂ ಮಾಡಲಿಕ್ಕಿಲ್ಲ. ಕೊಳೆತ ಹಲಗೆ ತೆಗೆದು ಹೊಸದು ಕೂರಿಸಿದರು. ಸಂದುಗೊಂದಿಗೆಲ್ಲ ಮರದ ಬೆಣೆ ಕೊಟ್ಟು, ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ನನಗೂ ಬಿಡುವಿರಲಿಲ್ಲ. ಒಂದು ಕಿಟಕಿಗೆ ಪಟ್ಟಿ ಅಂಟಿಸಿದರೆ ಬಂದು ಅಲ್ಲಾಡಿಸಿ, “ಏನೋ ಅಂತೈತಿ ನೋಡ ತಂಗಿ” ಎನ್ನುವರು. ನನಗೇನೂ ಕೇಳಿಸುತ್ತಿರಲಿಲ್ಲ. ಆದರೂ ಕಿತ್ತು ಮತ್ತೆ ಅಂಟಿಸುತ್ತಿದ್ದೆ. ಮನಸ್ಸಿನಲ್ಲೇ ಬೈಯುತ್ತಿದ್ದೆ ಕೂಡ.

ಟ್ರಯಲ್ ದಿನ ನಮ್ಮ ಸಾಹೇಬರು ಹಳೆಯ ವಸ್ತುಗಳ ತಜ್ಞರೊಬ್ಬರನ್ನು ಕರೆತಂದರು. ಅದು ಬರೀ ಟ್ರಯಲ್ ಆದ್ದರಿಂದ ಕಾಕಾ ಚಹಾ ಇಡಲಿಲ್ಲ. ಬೋಗಿ ಯಾರ್ಡಿನಲ್ಲಿ ಹೋಗಿ ಬಂತು. ಒಳಗೆ ತಜ್ಞರ ಉಸಿರೂ ಕೇಳುವಷ್ಟು ನಿಶ್ಶಬ್ದ. ಕಾಕಾ ಮೀಸೆಯಡಿ ನಗುತ್ತ ಬಾಗಿಲ ಬಳಿ ನಿಂತಿದ್ದರು. ತಜ್ಞರು ಮುಖ ಸಣ್ಣದು ಮಾಡಿಕೊಂಡು ಇಳಿದು, “ಯೇ ತೋ ಮೆಟ್ರೋ ಲಗ್ ರಹೀ ಹೈ” ಎಂದರು.

ಮೆಟ್ರೋದಂತಿದೆ ಎಂದರೆ ನಮ್ಮ ಲೆಕ್ಕದಲ್ಲಿ ಹೊಗಳಿಕೆ. ಅದು ದೂರು ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ಸಾಹೇಬರು ಕೆಟ್ಟವರಲ್ಲ, ಕಾಕಾರ ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಮಿಸ್ತ್ರಿ, ಥೋಡಾ ಆವಾಜ್ ಚಾಹಿಯೇ. ಲೋಗ್ ಪುರಾನಾ ಫೀಲ್ ಲೇನೇ ಆಯೇಂಗೆ.” ಹಳೆಯ ಗಾಡಿ ಗಡಗಡ ಎನ್ನಬೇಕು, ಜನ ಬರುವುದೇ ಅದಕ್ಕೆ. ಬೆಣೆಗಳನ್ನು ತೆಗೆಯಿರಿ, ಕಿಟಕಿಯ ಪಟ್ಟಿಗಳನ್ನು ಕೀಳಿರಿ ಎಂದು ಹುಕುಂ ಆಯಿತು.

ಕಾಕಾ ಕೂಗಾಡುತ್ತಾರೆಂದುಕೊಂಡೆ, ಕೂಗಾಡಲಿಲ್ಲ. ಹೋಗಿ ಕ್ಯಾಂಟೀನಿನ ಬೆಂಚಿನ ಮೇಲೆ ಕೂತರು. ನಾನು ಎದುರು ಕೂತೆ.

“ಗಡಗಡ ಬಿಡಸಾಕ ಜಲ್ಮ ಕಳದ್ನಿ ತಂಗಿ,” ಎಂದರು. “ಈಗ ಹೋಗೂ ಮುಂದ ಗಡಗಡ ಮಾಡಿ ಹೋಗು ಅಂತಾರ. ಗ್ಲಾಸ್ ಹೆಂಗ ಇಡ್ಲಿ?”

“ಇಡಬ್ಯಾಡ್ರಿ ಕಾಕಾ. ಈ ಬೋಗಿಗೆ ಬಿಟ್ಟಬಿಡ್ರಿ.”

“ಇಡದಿದ್ರ ಬೋಗಿ ಪಾಸ್ ಹೆಂಗ ಆಗತೈತಿ?” ಎಂದು ನನ್ನನ್ನೇ ಗದರಿಸಿದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಬಹಳ ಕೆಟ್ಟದೆನಿಸಿತು. ಆ ಬೋಗಿ ಪಾಸಾಗಬೇಕು ಎನ್ನುವ ಹಟ ನನಗೂ ಹತ್ತಿದ್ದು ಆಗಲೇ.

ಮರುದಿನ ಬೆಣೆ ತೆಗೆಯುವ ಕೆಲಸವನ್ನು ಅವರು ಬೇರೆ ಯಾರಿಗೂ ಕೊಡಲಿಲ್ಲ. ತಾವೇ ಒಂದೊಂದಾಗಿ ಹೊಡೆದು ತೆಗೆದರು. ನಾನು ಹಿಂದಿನಿಂದ ಪಟ್ಟಿ ಕೀಳುತ್ತ ಹೋದೆ. ಗಾಲಿಯ ಮೇಲಿನ ಕಿಟಕಿಗೆ ಬಂದಾಗ ಅವರು ಕೈ ತೊಳೆಯಲು ಇಳಿದಿದ್ದರು. ಆ ಒಂದು ಕಿಟಕಿಯ ಪಟ್ಟಿಯನ್ನು ನಾನು ಮುಟ್ಟಲಿಲ್ಲ. ಅದರ ಸುತ್ತ ಅವರು ಬೆಣೆ ಕಿತ್ತ ಸಂದಿಗಳಿಗೆ ಮಡಿಸಿದ ತೊಗಲಿನ ತುಂಡುಗಳನ್ನು ಬಿಗಿಯಾಗಿ ತುರುಕಿ, ಹೊರಗೆ ಕಾಣದಂತೆ ಕತ್ತರಿಸಿದೆ. ಬೋಗಿಯ ತುಂಬ ಸದ್ದಿರುವಾಗ ಒಂದು ಕಿಟಕಿ ಸುಮ್ಮನಿದ್ದರೆ ಯಾವ ತಜ್ಞರಿಗೆ ತಿಳಿಯುತ್ತದೆ?

ಕಾಕಾಗೆ ಹೇಳಲಿಲ್ಲ. ಹೇಳಿದರೆ “ನನ್ನ ಬೋಗಿಗೆ ನೀ ಆಸರ ಕೊಡತೀ ಏನು” ಎಂದು ತೊಗಲನ್ನೆಲ್ಲ ಕಿತ್ತು ಕೈಗಿಡುವ ಮನುಷ್ಯ. ಇಷ್ಟು ಸಡಿಲ ಮಾಡಿದರೂ ನನ್ನ ಬೋಗಿ ತುಳುಕಲಿಲ್ಲ ಎಂದು ಅವರು ಜಂಬ ಪಡಲಿ ಎಂಬುದೇ ನನ್ನ ಆಸೆ. ಮನೆಯಲ್ಲಿ ಅವ್ವನಿಗೆ ಇದೆಲ್ಲ ಹೇಳಿದೆ. ಅವಳು ಗಡಗಡ ಎನ್ನುತ್ತಿದ್ದ ನಮ್ಮ ಕಿಟಕಿ ನೋಡಿ, “ಹಂಗಾರ ನಮ್ಮ ಮನಿಗೂ ಟಿಕೆಟ್ ಹಚ್ಚವಾ” ಎಂದಳು.

ಉದ್ಘಾಟನೆಯ ದಿನ ಚೆಂಡುಹೂವಿನ ಮಾಲೆ, ಶಾಮಿಯಾನಾ, ಮೈಕು ಎಲ್ಲ ಇತ್ತು. ಬೋಗಿಯ ಬಾಗಿಲಿಗೆ ಹೊಸ ಫಲಕ ಬಂದಿತ್ತು: ಒಳಗೆ ತಿನ್ನುವುದು ಕುಡಿಯುವುದು ನಿಷಿದ್ಧ, ನಾಳೆಯಿಂದ ಜಾರಿ. ಹಾಗಾಗಿ ಗ್ಲಾಸು ಇಡುವುದಿದ್ದರೆ ಅಂದೇ. ಸಾಹೇಬರು ಭಾಷಣದಲ್ಲಿ, ಈ ಬೋಗಿಯ ಮೂಲ ಸದ್ದನ್ನು ಕಾಪಾಡಿದವರು ನಮ್ಮ ಮಿಸ್ತ್ರಿ ಎಂದು ಕಾಕಾಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟರು. ಚಪ್ಪಾಳೆ ಬಿತ್ತು. ಜನ್ಮವಿಡೀ ಸಂದು ಮುಚ್ಚಿದ್ದಕ್ಕೆ ಸಿಗದ ಶಾಲು ಸಂದು ಬಿಚ್ಚಿದ್ದಕ್ಕೆ ಸಿಕ್ಕಿತು. ಕಾಕಾ ತಲೆ ಬಗ್ಗಿಸಿ ಹೊದ್ದುಕೊಂಡರು.

ಅತಿಥಿಗಳು ಹತ್ತಿ ಕೂತರು. ಶೆಡ್ಡಿನವರಲ್ಲಿ ಕಾಕಾ, ನಾನು, ಇನ್ನು ಕೆಲವರು ಹತ್ತಿದೆವು. ಉಡುಪಿಯವರು ತುಂಬಿದ ಗ್ಲಾಸನ್ನು ಕಿಟಕಿಯಿಂದಲೇ ಒಳಗೆ ಕೊಟ್ಟರು, ಒಂದು ಹನಿಯೂ ಚೆಲ್ಲಿರಲಿಲ್ಲ. ಕಾಕಾ ಅದನ್ನು ಹಿಡಿದು ಗಾಲಿಯ ಮೇಲಿನ ಕಿಟಕಿಗೆ ಬಂದರು. ಇಡುತ್ತಾರೆಂದು ಕಾದೆ.

ಅವರು ಇಡಲಿಲ್ಲ. ಬೋಗಿಯನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಜನರಿಗೆ ಬೆನ್ನು ಮಾಡಿ, ಬಿಸಿ ಬಿಸಿ ಚಹಾವನ್ನು ಊದಿ ಊದಿ ಅರ್ಧ ಕುಡಿದರು. ಉಳಿದರ್ಧವನ್ನು ಕಟ್ಟೆಯ ಮೇಲಿಟ್ಟರು. ಬಾಯಿ ಒರೆಸಿಕೊಂಡು ನನ್ನ ಕಡೆ ನೋಡದೆಯೇ, “ಇದರ ಮರ್ಯಾದಿ ಉಳೀಬೇಕಲ್ಲ. ಅರ್ಧ ಇದ್ರ ಚೆಲ್ಲಂಗಿಲ್ಲ,” ಎಂದರು.

ಇದು ಎಂದರೆ ಬೋಗಿ. ಕಿಟಕಿಯ ವಿಷಯ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಎಂಜಿನ್ ಸೀಟಿ ಹಾಕಿತು. ಬೋಗಿ ಜಗ್ಗಿ ಹೊರಟಿತು. ಕಿಟಕಿಗಳೆಲ್ಲ ಒಟ್ಟಿಗೆ ಗಡಗಡ ಎಂದವು. ಹಿರಿಯರೊಬ್ಬರು ಕಣ್ಣು ಮುಚ್ಚಿ, “ವಾಹ್, ಒರಿಜಿನಲ್” ಎಂದರು. ಫೋನುಗಳು ಸದ್ದನ್ನು ಹಿಡಿದುಕೊಳ್ಳತೊಡಗಿದವು. ಎಲ್ಲರಿಗೂ ನಿಜವಾಗಿ ಖುಷಿಯಾಗಿತ್ತು, ಅದನ್ನು ನಾನು ಸುಳ್ಳೆನ್ನಲಾರೆ.

ಕಾಕಾ ಗ್ಲಾಸನ್ನೇ ನೋಡುತ್ತಿದ್ದರು. ಚಹಾದ ಮೈ ತಿರುವಿನಲ್ಲೂ ಅಲುಗಲಿಲ್ಲ. ಅವರ ಕಣ್ಣು ಗ್ಲಾಸಿನಿಂದ ಮೇಲೇರಿ ಕಿಟಕಿಗೆ ಹೋಯಿತು. ಚೌಕಟ್ಟಿನ ಮೇಲೆ ಅಂಗೈ ಇಟ್ಟರು. ಕಿವಿಯನ್ನು ಹತ್ತಿರ ತಂದರು. ತೋಡಿನೊಳಗೆ ಉಗುರು ಹಾಕಿ ಗೀಚಿದರು. ಉಗುರಿಗೆ ಉಣ್ಣೆಯ ಎಳೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಮೊದಲ ಒಂದ ಮಾತ ಹೇಳಬಾರದಾಗಿತ್ತೇನು ತಂಗಿ,” ಎಂದರು. “ಪೂರಾ ತುಂಬ ಇಡತಿದ್ನಲ್ಲ.”