ಕ್ಷಮಿಸಲು ಕಮಲಾಪುರಕ್ಕೆ ಹೋದದ್ದು

ಸಂಡೇ ಸ್ಕೂಲಿನಲ್ಲಿ ಪಾಠ ಹೇಳುವ ಹೆಂಗಸಿನ ಮನೆಯಲ್ಲಿ ಯಾವ ವಸ್ತುವಿಗೂ ನೆಮ್ಮದಿ ಇರುವುದಿಲ್ಲ. ಕಲಬುರಗಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಹನ್ನೆರಡು ವರ್ಷದಿಂದ ಆ ಕೆಲಸ ನನ್ನದು. ಕುಸನೂರ ಕಡೆ ಇರುವ ನಮ್ಮ ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಅದು ತಾಳ್ಮೆಯ ಪಾಠ. ನಲ್ಲಿ ಸೋರಿದರೆ ಹರಟೆಮಲ್ಲರ ಪಾಠ. ಕರೆಂಟು ಹೋದರಂತೂ ಕೇಳಲೇಬೇಡಿ, ಎರಡು ವಾರಕ್ಕಾಗುವಷ್ಟು ಪಾಠ. "ನಾ ಸತ್ತರೂ ನೀ ಅದರಾಗ ಒಂದು ಪಾಠ ಹುಡುಕ್ತಿ ಬಿಡು" ಎಂದು ನನ್ನ ಗಂಡ ಛೇಡಿಸುತ್ತಾರೆ. ಛೇಡಿಸಲಿ. ಮಕ್ಕಳಿಗೆ ಯೇಸುಸ್ವಾಮಿಯ ಮಾತು ಹೊಟ್ಟೆಗೆ ಇಳಿಯಬೇಕಾದರೆ ಅಡಿಗೆಮನೆಯ ದಾರಿಯಿಂದಲೇ ಇಳಿಯಬೇಕು ಎಂದು ನಾನು ನಂಬಿದ್ದೆ. ಈಗಲೂ ನಂಬಿದ್ದೇನೆಯೇ ಎಂದು ಕೇಳಿದರೆ, ಗೊತ್ತಿಲ್ಲ. ಒಂದು ಬಾಳೆಗೊನೆಯ ದೆಸೆಯಿಂದ ನನ್ನ ತಲೆ ಕೆಟ್ಟಿದೆ.

ನನ್ನ ಅತ್ತೆ ಇರುವುದು ಕಮಲಾಪುರದಲ್ಲಿ, ಕಿರಿಯ ಮಗನ ಮನೆಯಲ್ಲಿ. ಆ ಮನೆಯ ಹಿಂದೆ ಬಚ್ಚಲ ನೀರು ಹರಿಯುವಲ್ಲಿ ಅತ್ತೆಯೇ ನೆಟ್ಟ ಕೆಂಪು ಬಾಳೆಯ ಗಿಡವಿದೆ. ಕಮಲಾಪುರದ ಕೆಂಪು ಬಾಳೆಯ ರುಚಿ ಹತ್ತಿದವರಿಗೆ ಬೇರೆ ಬಾಳೆ ಸೇರುವುದಿಲ್ಲ, ನಾನೂ ಅಂಥವಳೇ. ಆದರೆ ನಮ್ಮ ಮನೆತನದಲ್ಲಿ ಒಂದು ಪದ್ಧತಿ. ಹೊಸ ಗಿಡ ಬಿಟ್ಟ ಮೊದಲ ಗೊನೆ ದೇವರದು. ಸುಗ್ಗಿ ಹಬ್ಬದ ಭಾನುವಾರ ಅದನ್ನು ಇಡಿಯಾಗಿ ತಂದು, ಜನ ತಂದ ಜೋಳದ ತೆನೆ, ಕುಂಬಳಕಾಯಿ, ಕೋಳಿಗಳ ಜೊತೆ ವೇದಿಯ ಮುಂದೆ ಇಡಬೇಕು. ಅದಕ್ಕೆ ಮೊದಲು ಮನೆಯವರು ಒಂದು ಹಣ್ಣನ್ನೂ ಬಾಯಿಗೆ ಹಾಕುವಂತಿಲ್ಲ. ಅತ್ತೆಯ ಅತ್ತೆ ಹಾಗೆ ಮಾಡಿದ್ದರು, ಅತ್ತೆ ಮಾಡಿದರು, ನಾವೂ ಮಾಡುತ್ತೇವೆ.

ಹೋದ ಸುಗ್ಗಿ ಹಬ್ಬಕ್ಕೆ ಆ ಗಿಡದ ಮೊದಲ ಗೊನೆ ಸಿದ್ಧವಾಗಿತ್ತು. ಹಬ್ಬದ ಹಿಂದಿನ ದಿನ ನನ್ನ ಗಂಡ ಕಮಲಾಪುರಕ್ಕೆ ಹೋಗಿ ಗೊನೆಯನ್ನೂ ಅತ್ತೆಯನ್ನೂ ನಮ್ಮ ಮನೆಗೆ ಕರೆತಂದರು. ಗೊನೆಗೆ ಹಳೆಯ ಲುಂಗಿ ಸುತ್ತಿತ್ತು, ನಾನು ಬಿಚ್ಚಿ ನೋಡಲಿಲ್ಲ. ಆ ಸಂಜೆ ನನ್ನ ಗಮನವೆಲ್ಲ ಅತ್ತೆಯ ಬಿಳಿ ಸೀರೆಯ ಮೇಲಿತ್ತು. ಯೇಸುಸ್ವಾಮಿಯ ನೆನಪಿಗೆ ರೊಟ್ಟಿ ಮುರಿದು ಹಂಚುವ ಪ್ರಭುಭೋಜನದ ಭಾನುವಾರಗಳಿಗೂ ಹಬ್ಬಗಳಿಗೂ ಮಾತ್ರ ಉಡುವ ಆ ಸೀರೆಯ ಅಂಚಿನಲ್ಲಿ ಅಂಗೈಯಗಲ ಕಂದು ಕಲೆಯಾಗಿತ್ತು.

"ಇದೇನ್ರಿ ಅತ್ತಿ?" ಎಂದೆ.

"ಟ್ರಂಕಿನ ಜಂಗು ಹತ್ತೇದ" ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಸೋಪು ಹಚ್ಚಿದೆ, ನೆನೆಹಾಕಿದೆ, ತಿಕ್ಕಿದೆ. ಕಲೆ ಜಪ್ಪಯ್ಯ ಅನ್ನಲಿಲ್ಲ. ನನಗೆ ಒಳಗೊಳಗೇ ಖುಷಿ, ಏಕೆಂದರೆ ಮುಂದಿನ ವಾರದ ಪಾಠ ಸಿಕ್ಕಿತ್ತು. ಮುಚ್ಚಿದ ಟ್ರಂಕಿನಲ್ಲಿ ಕಾಣದಂತೆ ಹತ್ತುವ ಜಂಗೇ, ತುಕ್ಕೇ, ಪಾಪ, ಮಕ್ಕಳೇ!

ಮರುದಿನ ಆರಾಧನೆ ಮುಗಿದು, ತಂದದ್ದನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುವ ಹೊತ್ತಿಗೆ ಗೊನೆಯನ್ನು ಎತ್ತಿ ಹಿಡಿದರು. ಕೆಳಗಿನ ಒಂದು ಚಿಪ್ಪು ಇರಲಿಲ್ಲ. ಕೊಯ್ದ ಗುರುತು ಎಲ್ಲರಿಗೂ ಕಾಣುವಂತಿತ್ತು. ಸಭೆಯ ಹಿರಿಯ ಹೆಂಗಸೊಬ್ಬರು ಜೋರಾಗಿಯೇ, "ದೇವರಿಗೆ ತಂದ ಗೊನಿಗೆ ಯಾರೋ ಮೊದಲೇ ಕೈ ಹಚ್ಯಾರಲ್ಲ?" ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳಿಗೆ ಪಾಠ ಹೇಳುವ ಟೀಚರ್ ನಾನು! ಗೊನೆ ರಾತ್ರಿಯೆಲ್ಲ ನನ್ನ ಮನೆಯಲ್ಲಿತ್ತೆಂದು ಎಲ್ಲರಿಗೂ ಗೊತ್ತು. ಅತ್ತೆಯ ಪಕ್ಕದಲ್ಲಿ ನನ್ನ ನೆಗೆಣ್ಣಿ, ಅಂದರೆ ಕಮಲಾಪುರದ ಮೈದುನನ ಹೆಂಡತಿ, ನಿಂತಿದ್ದಳು. ಆ ಬೆಳಿಗ್ಗೆಯೇ ಬಸ್ಸಿನಲ್ಲಿ ಬಂದಿದ್ದಳು.

"ನಮ್ಮ ಮನಿಗೆ ಬಂದಾಗೇ ಹಿಂಗಿತ್ರಿ. ಕಮಲಾಪುರದಾಗ ಯಾರ ಕೈಯಾಗ ಕುಡಗೋಲು ಇರ್ತದೋ ಅವರನ್ನ ಕೇಳ್ರಿ" ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. "ದೇವರ ಪಾಲು ತಿಂದದ್ದು ಅರಗಬೇಕಲ್ಲ" ಎಂದೂ ಸೇರಿಸಿದೆ.

ನೆಗೆಣ್ಣಿ ನನ್ನನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ತಪ್ಪು ಮಾಡಿಲ್ಲದಿದ್ದರೆ ಉತ್ತರ ಕೊಡುತ್ತಿದ್ದಳಲ್ಲ ಎಂದು ನಾನು ಅಂದುಕೊಂಡೆ. ಅಂಗಳದಲ್ಲಿದ್ದ ಅರ್ಧ ಜನವೂ ಹಾಗೆಯೇ ಅಂದುಕೊಂಡರು.

ನಿಜವಾದ ತೊಂದರೆ ಶುರುವಾದದ್ದು ಮುಂದಿನ ತಿಂಗಳು. ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುಭೋಜನ, ಅದಕ್ಕೆಂದೇ ಅತ್ತೆ ಕಮಲಾಪುರದಿಂದ ಬರುತ್ತಾರೆ. ಮದುವೆಯಾಗಿ ಬಂದಾಗಿನಿಂದ ಅತ್ತೆ ಅದನ್ನು ತಪ್ಪಿಸಿದ್ದೇ ಇಲ್ಲವಂತೆ. ಬಾಣಂತಿತನದಲ್ಲೂ ಪಾಸ್ಟರನ್ನು ಮನೆಗೆ ಕರೆಸಿ ತೆಗೆದುಕೊಂಡವರು. ಆ ಭಾನುವಾರ ಎಲ್ಲರೂ ಎದ್ದು ಮುಂದೆ ಹೋದರು, ಅತ್ತೆ ಬೆಂಚಿನಿಂದ ಏಳಲಿಲ್ಲ. ಮೊಣಕಾಲು ನೋವೇನೋ ಎಂದುಕೊಂಡೆ. ಅದರ ಮುಂದಿನ ತಿಂಗಳೂ ಏಳಲಿಲ್ಲ. ಮೂರನೆಯ ಸಲ ಪಾಸ್ಟರೇ ರೊಟ್ಟಿಯ ತಟ್ಟೆ ಹಿಡಿದು ಬೆಂಚಿನ ತನಕ ಬಂದರು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ತಲೆ ಅಲ್ಲಾಡಿಸಿದರು.

ಹೊರಗೆ ಬಂದ ಮೇಲೆ ಪಾಸ್ಟರ್ ನನ್ನನ್ನು ಕರೆದು, "ಸೊಸೆಯಂದಿರು ಮಾತು ಬಿಟ್ಟೀರಿ ಅಂತ ಅವ್ವನವರು ಸಂಕಟಪಡಾಕತ್ತಾರ. ಮನಸ್ತಾಪ ಇಟ್ಕೊಂಡು ಪ್ರಭುವಿನ ಮೇಜಿಗೆ ಬರಬಾರದು ಅಂತ ನೀವೇ ಮಕ್ಕಳಿಗೆ ಹೇಳ್ತೀರಲ್ರಿ" ಎಂದರು.

ಹೌದು, ಹೇಳುತ್ತೇನೆ. ಹೇಳುತ್ತಲೇ ಮೂರು ತಿಂಗಳೂ ಮೇಜಿಗೆ ಹೋಗಿ ರೊಟ್ಟಿ ತಿಂದಿದ್ದೆ. ಅತ್ತೆ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದರು. ಊಟ ಸೇರದು, ಸಕ್ಕರೆ ಕಾಯಿಲೆಯ ಮೈ ಬೇರೆ. "ನಾ ಹಿಂಗೇ ಹೋದ್ರ ಹೋಗ್ತೀನಿ, ನನ್ನ ಪಾಲಿಗೆ ಆ ಮೇಜು ಮುಗೀತು" ಎಂದು ಫೋನಿನಲ್ಲಿ ಒಂದು ದಿನ ನನ್ನ ಗಂಡನ ಮುಂದೆ ಅತ್ತರಂತೆ. ಹಾಗೇನಾದರೂ ಆದರೆ ಆ ಪಾಪ ಯಾರ ತಲೆಗೆ? ನನ್ನ ತಲೆಗೋ, ನೆಗೆಣ್ಣಿಯ ತಲೆಗೋ? ಬಾಳೆ ಕೊಯ್ದವಳು ಅವಳು, ಬೈದವಳು ನಾನು. ಯೋಚಿಸಿದಷ್ಟೂ ಗೋಜಲಾಯಿತು. ಕೊನೆಗೆ ದೊಡ್ಡವಳಾಗಿ ನಾನೇ ಸೋಲುವುದು, ಅವಳನ್ನು ಕ್ಷಮಿಸಿಬಿಡುವುದು ಎಂದು ತೀರ್ಮಾನಿಸಿದೆ. ಎಂಥ ಉದಾರಿ ನಾನು!

ಮುಂದಿನ ಪ್ರಭುಭೋಜನದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕುಳಿತ ಬುರ್ಖಾದ ಹೆಂಗಸು, "ಏನ್ರಿ ಅಕ್ಕಾ, ಹುಷಾರಿಲ್ಲೇನು? ಒಬ್ಬರೇ ಮಾತಾಡಾಕತ್ತೀರಲ್ಲ" ಎಂದು ನೀರಿನ ಬಾಟಲಿ ಕೊಟ್ಟಳು. ಕುಡಿದೆ.

ಕಮಲಾಪುರದ ಮನೆಯಲ್ಲಿ ನೆಗೆಣ್ಣಿ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ಪಡಸಾಲೆಯ ಮಂಚದ ಮೇಲಿದ್ದರು. ಚಪ್ಪಲಿ ಬಿಟ್ಟವಳೇ ನೇರ ಅಡಿಗೆಮನೆಗೆ ಹೋಗಿ, ನಿಂತಲ್ಲೇ ನಿಂತು ಪಾಠ ಒಪ್ಪಿಸಿದೆ. "ನೋಡವಾ, ಆಗಿದ್ದು ಆಗಿಹೋತು. ನಾ ನಿನಗ ಕ್ಷಮಾ ಮಾಡೀನಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು.

"ನಾನೂ ನಿಮಗ ಕ್ಷಮಾ ಮಾಡೀನ್ರಿ ಅಕ್ಕಾ. ಅವತ್ತೇ ಮಾಡೀನಿ."

"ನನಗ? ನನಗ ಯಾಕ?"

"ಮತ್ತ ನನಗ ಯಾಕ್ರಿ?"

ಕ್ಷಮಿಸುವವರು ಇಬ್ಬರು, ಕ್ಷಮೆ ಬೇಕಾದವರು ಒಬ್ಬರೂ ಇಲ್ಲ. ಹೀಗಾದಾಗ ಏನು ಮಾಡಬೇಕೆಂದು ನನ್ನ ಹನ್ನೆರಡು ವರ್ಷದ ಯಾವ ಪಾಠದಲ್ಲೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಹೊಗೆ ಎದ್ದಿತು, ಇಬ್ಬರೂ ಅದನ್ನು ಮಗುಚಲಿಲ್ಲ.

ಅಷ್ಟರಲ್ಲಿ ಪಡಸಾಲೆಯಿಂದ, "ಯವ್ವಾ, ಇಬ್ಬರೂ ಇಲ್ಲಿ ಬರ್ರಿ" ಎಂದು ಅತ್ತೆ ಕರೆದರು. ಹೋಗಿ ನೋಡಿದರೆ ಮಂಚದಿಂದ ಇಳಿದು ನೆಲದ ಮೇಲೆ ಕುಳಿತಿದ್ದಾರೆ. ಬಿದ್ದರೇನೋ ಎಂದು ಹತ್ತಿರ ಓಡಿದೆ.

"ಆ ಚಿಪ್ಪು ನಾನೇ ಕೊಯ್ದೆ" ಎಂದರು ಅತ್ತೆ. "ಸೀರ‍್ಯಾಗ ಸುತ್ತಿ ಟ್ರಂಕಿನ್ಯಾಗ ಇಟ್ಟಿದ್ದೆ. ಹಣ್ಣಾದಂಗ ಒಂದೊಂದೇ ತಿಂದೆ. ಜಂಗು ಅಲ್ಲ ಅದು, ಬಾಳಿ ಸೊನಿ."

ನಾನು ಅವರ ಎದುರಿಗೇ ನೆಲಕ್ಕೆ ಕುಳಿತೆ.

"ಏಳು ವರ್ಷ ಆತು, ಸಕ್ಕರಿ ಅಂತ ನೀವಿಬ್ಬರೂ ನನಗ ಒಂದು ತುಂಡು ಬಾಳಿಹಣ್ಣು ಕೊಟ್ಟಿಲ್ಲ. ನಾನೇ ನೆಟ್ಟ ಗಿಡ. ಆಸಿ ಆತು. ದೇವರದು ಅಂತ ಗೊತ್ತಿದ್ದೂ ಕೊಯ್ದೆ. ಅಂಗಳದಾಗ ನೀ ಆಕೀಗಿ ಅಂದಾಗ ಹೇಳಬೇಕಂತ ಬಾಯಿ ತೆರದೆ, ಮಾತು ಬರಲಿಲ್ಲ. ಆಮ್ಯಾಲಂತೂ ಬರಲೇ ಇಲ್ಲ. ಆ ಕೈಲೆ ಸ್ವಾಮಿಯ ರೊಟ್ಟಿ ಹೆಂಗ ಹಿಡೀಲಿ? ತಪ್ಪಾತು. ಇಬ್ಬರೂ ನನಗ ಕ್ಷಮಾ ಮಾಡ್ರಿ."

ಬೇರೆ ಯಾರಾದರೂ ಆಗಿದ್ದರೆ ಅತ್ತೆಯನ್ನು ಅಪ್ಪಿಕೊಂಡು ಅಳುತ್ತಿದ್ದರೇನೋ. ನಾನು ರೇಗಿದೆ. "ಮೂರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕುಂತಿದ್ರಲ್ರಿ! ನಾ ಮಂದಿ ಮುಂದ ಜಂಗಿನ ಪಾಠ ಬ್ಯಾರೆ ಹೇಳೀನಿ!" ಎಂದು ಕೂಗಿದೆ. ಕೂಗುತ್ತ ಕೂಗುತ್ತ ನಗುವೂ ಬಂತು. ನಗುತ್ತ ನಗುತ್ತ ಅಳುವೂ ಬಂತು. ನೆಗೆಣ್ಣಿ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಮಂಚದ ಮೇಲೆ ಕೂರಿಸಿ, "ಏಳ್ರಿ ಅತ್ತಿ, ನೆಲ ತಣ್ಣಗದ" ಎಂದಳು. ಅವಳಿಗೆ ಸಿಟ್ಟೇ ಬರಲಿಲ್ಲವಲ್ಲ ಎಂದು ನನಗೆ ಅಚ್ಚರಿಯಾಯಿತು, ಆದರೆ ಆ ಗಡಿಬಿಡಿಯಲ್ಲಿ ಯೋಚಿಸುವ ಪುರಸೊತ್ತು ಇರಲಿಲ್ಲ.

ಆ ಸಂಜೆ ಮೂವರೂ ಕಲಬುರಗಿಗೆ ಬಂದೆವು. ಬೆಳಿಗ್ಗೆ ಸಭೆಗೆ ಹೊರಡುವ ಮುಂಚೆ ನಾನೂ ನೆಗೆಣ್ಣಿಯೂ ಸೇರಿ ಅತ್ತೆಗೆ ಬಿಳಿ ಸೀರೆ ಉಡಿಸಿದೆವು. ಅತ್ತೆ ನಡುವೆ ನಿಂತಿದ್ದರು. ಈಚೆಗೆ ಕಿವಿ ಮಂದವಾಗಿರುವುದರಿಂದ ನಾವು ಮೆಲ್ಲಗೆ ಆಡುವುದು ಅವರಿಗೆ ಕೇಳಿಸುವುದಿಲ್ಲ. ನಾನು ನೆರಿಗೆ ಹಿಡಿದಿದ್ದೆ, ಅವಳು ಕೆಳಗೆ ಕುಳಿತು ಅಂಚು ಸರಿಮಾಡುತ್ತಿದ್ದಳು.

"ನೋಡು, ಎಷ್ಟು ತಿಕ್ಕಿದರೂ ಈ ಕಲಿ ಹೋಗವಲ್ದು" ಎಂದೆ.

"ಹೋಗಂಗಿಲ್ರಿ ಅಕ್ಕಾ. ಬಾಳಿ ಸೊನಿ ಅಲ್ಲೇನ್ರಿ? ನಿಮ್ಮ ಕಡೆ ಕಳಸೂಕಿಂತ ಮುಂಚೆ ನಾನೂ ನಿಂಬಿಹಣ್ಣು, ಉಪ್ಪು ಹಚ್ಚಿ ತಿಕ್ಕಿ ನೋಡೀನಿ."

ನನ್ನ ಕೈಯಿಂದ ನೆರಿಗೆ ಜಾರಿತು. ಸೀರೆ ನನ್ನ ಮನೆಗೆ ಬಂದದ್ದು ಹಬ್ಬದ ಹಿಂದಿನ ದಿನ.

"ಅಂದ್ರ ನಿನಗ ಮೊದಲೇ ಗೊತ್ತಿತ್ತು?"

ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದು ಸೀರೆಗೆ ಚುಚ್ಚಿದಳು. "ಹಬ್ಬದ ಮ್ಯಾಲೂ ಒಂದು ವಾರ ತಿಂದಾರ. ಸಿಪ್ಪಿ ಯಾರು ಚೆಲ್ಲಿರಬೇಕಂತೀರಿ? ಹಾಸಿಗಿ ಕೆಳಗ ಇಟ್ಟಿರ‍್ತಿದ್ರು."

"ಮತ್ತ ಅಂಗಳದಾಗ ಹೇಳಬೇಕಿತ್ತಿಲ್ಲ? ನಾ ಅಷ್ಟು ಅಂದೆ ನಿನಗ, ಅಷ್ಟು ಮಂದಿ ಮುಂದ!"

"ಅತ್ತಿ ಅಲ್ಲೇ ನಿಂತಿದ್ರಲ್ರಿ" ಎಂದಳು. ಅಷ್ಟೇ ಅವಳ ಉತ್ತರ.

ಸಭೆಯ ತನಕ ಆಟೋದಲ್ಲಿ ಹೋದೆವು. ನನಗೆ ರಸ್ತೆಯೂ ಕಾಣಲಿಲ್ಲ, ಅತ್ತೆ ಏನೋ ಕೇಳಿದ್ದಕ್ಕೆ ಏನೋ ಉತ್ತರ ಕೊಟ್ಟೆ. ಮಾಡದ ತಪ್ಪನ್ನು ಮೈಮೇಲೆ ಹೊತ್ತುಕೊಂಡು, ಬಾಯಿ ತೆರೆಯದೆ ಶಿಲುಬೆಯ ಕಡೆ ನಡೆದುಹೋದವನ ಕತೆಯನ್ನು ವರ್ಷಕ್ಕೊಮ್ಮೆ ಶುಭ ಶುಕ್ರವಾರದ ಮುಂಚೆ ಮಕ್ಕಳಿಗೆ ನಾನೇ ಹೇಳುತ್ತೇನೆ, ಹೇಳುತ್ತ ಅತ್ತೂ ಇದ್ದೇನೆ. ಅದೇ ನನ್ನ ಕಣ್ಣೆದುರಿಗೆ, ಅಂಗಳದಲ್ಲಿ ನಡೆದಾಗ ಕಲ್ಲು ಎಸೆದವಳು ನಾನು. ಕುಕ್ಕರಿನಲ್ಲಿ, ನಲ್ಲಿಯಲ್ಲಿ, ಜಂಗಿನಲ್ಲಿ ಪಾಠ ಹುಡುಕಿದೆ. ಮನುಷ್ಯರಲ್ಲಿ ಇದ್ದದ್ದು ಕಾಣಲಿಲ್ಲ. ನನ್ನ ಕಣ್ಣಿಗೇನಾಗಿತ್ತು? ಈಗ ಬರೆಯುವಾಗಲೂ ಅರ್ಥವಾಗುತ್ತಿಲ್ಲ.

ಪಾಸ್ಟರ್ ಕರೆದಾಗ ಅತ್ತೆ ಎಲ್ಲರಿಗಿಂತ ಮೊದಲು ಎದ್ದರು. ವೇದಿಯ ಮುಂದೆ ಮೂವರೂ ಸಾಲಾಗಿ ಮೊಣಕಾಲೂರಿದೆವು. ಅತ್ತೆ ಎರಡೂ ಕೈ ಚಾಚಿ ರೊಟ್ಟಿಯ ಚೂರು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನಾಲ್ಕು ತಿಂಗಳ ಹಸಿವಿತ್ತು ಆ ಕೈಗಳಲ್ಲಿ. ಆಮೇಲೆ ನೆಗೆಣ್ಣಿ ತೆಗೆದುಕೊಂಡಳು. ತಟ್ಟೆ ನನ್ನ ಮುಂದೆ ಬಂತು.

ನನ್ನ ಕೈ ಏಳಲಿಲ್ಲ. ಮೂರು ತಿಂಗಳು ಸಲೀಸಾಗಿ ಚಾಚಿದ ಕೈ ಅದು. ಹಿಂದಿನ ದಿನದಿಂದ ಎಲ್ಲರನ್ನೂ ಕ್ಷಮಿಸಿದ್ದೆ, ಎಲ್ಲರ ಮೇಲೂ ಕೂಗಿದ್ದೆ, ಆಡಬೇಕಾದ ಒಂದು ಮಾತನ್ನು ಮಾತ್ರ ಆಡಿರಲಿಲ್ಲ. ಪಾಸ್ಟರ್ ತಟ್ಟೆ ಹಿಡಿದು ಕಾಯುತ್ತಿದ್ದರು. ನಾನು ಪಕ್ಕದ ನೆಗೆಣ್ಣಿಯ ಕಡೆ ತಿರುಗಿ, ಪಿಸುಗುಟ್ಟುವುದನ್ನೂ ಮರೆತು, "ತಪ್ಪಾತು, ನಂದು" ಎಂದೆ. ಮುಂದಿನ ಬೆಂಚುಗಳಿಗೆಲ್ಲ ಕೇಳಿಸಿತು.

ದೇವರಿಗೆ ಅರಿಕೆ ಮಾಡಿದೆನೆಂದು ತಿಳಿದ ಪಾಸ್ಟರ್, "ಆಮೆನ್" ಎಂದರು.

ನೆಗೆಣ್ಣಿ ಮಾತ್ರ ನನ್ನ ಮೊಣಕೈ ಹಿಡಿದು ಮೆಲ್ಲಗೆ ಮೇಲೆತ್ತಿದಳು. "ತಗೋರಿ ಅಕ್ಕಾ" ಎಂದಳು, "ಹಿಂದ ಮಂದಿ ನಿಂತಾರ."