ಅವ್ವನ ಗದ್ದೆ ಮಾರಿದ್ದು

ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನು ಬಲಗಡೆಯ ಸೀಟನ್ನೇ ಹುಡುಕುತ್ತೇನೆ. ಹೊಸನಗರ ಇನ್ನೇನು ಬಂತು ಅನ್ನುವಾಗ ಎಡಗಡೆ ನಮ್ಮ ಗದ್ದೆ ಇತ್ತು. ಕೊಂಡವರು ಕೆಂಪು ಮಣ್ಣು ತುಂಬಿಸಿ ರಸ್ತೆಯ ಮಟ್ಟಕ್ಕೆ ಎತ್ತರಿಸಿದ್ದಾರೆ. ಗೋದಾಮು ಕಟ್ಟುತ್ತಾರಂತೆ. ಅದನ್ನು ನೋಡುವ ಧೈರ್ಯ ನನಗಿಲ್ಲ, ಅದಕ್ಕೇ ಬಲಗಡೆ ಕೂರುತ್ತೇನೆ.

ಅವ್ವನನ್ನು ನೋಡಿಕೊಳ್ಳುವುದಕ್ಕೆಂದು ಗದ್ದೆ ಮಾರಿದೆವು ಎಂದರೆ ಯಾರೂ ತಪ್ಪು ಅನ್ನುವುದಿಲ್ಲ. ನೆಂಟರಲ್ಲಿ ಕೆಲವರು ಹೊಗಳಿದ್ದೂ ಉಂಟು. ಹೊಗಳಿದವರ ಮೇಲೆ ನನಗೆ ವಿನಾಕಾರಣ ಸಿಟ್ಟು ಬರುತ್ತದೆ.

ಅವ್ವನ ಮರೆವು ಶುರುವಾದಾಗ ನಾವು ನಕ್ಕೆವು. ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಯಾರು ತಾನೆ ನಗುವುದಿಲ್ಲ? ಆಮೇಲೆ ಅವಳು ಸಾಗರದ ನಮ್ಮ ಬಾಡಿಗೆ ಮನೆಯಿಂದ ಕತ್ತಿ ಹಿಡಿದು ಹೊರಡತೊಡಗಿದಳು. ಗದ್ದೆಯ ಬದು ಸವರಬೇಕು ಅನ್ನುತ್ತಿದ್ದಳು. ಒಮ್ಮೆ ಯಾರದೋ ಕಾಂಪೌಂಡಿಗೆ ನುಗ್ಗಿ ಅವರು ಆಸೆಯಿಂದ ಬೆಳೆಸಿದ್ದ ಕ್ರೋಟನ್ ಗಿಡಗಳನ್ನೆಲ್ಲ ಸವರಿ ಹಾಕಿದಳು. ಇನ್ನೊಮ್ಮೆ ಒಲೆಯ ಗ್ಯಾಸು ತೆರೆದಿಟ್ಟು ಮಲಗಿದ್ದಳು. ನನ್ನದು ಪೇಟೆಯಲ್ಲಿ ಟೈಲರಿಂಗ್ ಅಂಗಡಿ, ಗಂಡ ಗ್ಯಾರೇಜಿಗೆ ಹೋಗುತ್ತಾರೆ, ಮಗಳಿಗೆ ಕಾಲೇಜು. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಅವಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದೆ. ಒಂದು ದಿನ ಪಕ್ಕದ ಮನೆಯವರು ಅಂಗಡಿಗೇ ಬಂದರು. "ನಿಮ್ಮವ್ವ ಬಾಗ್ಲು ಬಡಿತಾ ಇದಾರೆ ಮಾರಾಯ್ರೆ, ಕೇಳೋಕಾಗಲ್ಲ" ಎಂದರು. ಗಿರಾಕಿಗಳ ಎದುರು ಹೇಳಿದರಲ್ಲ ಎಂದು ಮೊದಲು ನಾಚಿಕೆಯಾಯಿತು. ಅವ್ವನ ಕೈ ಎಷ್ಟು ನೊಂದಿರಬಹುದು ಎಂದು ಹೊಳೆದದ್ದು ಆಮೇಲೆ.

ತೀರ್ಥಹಳ್ಳಿಯಲ್ಲಿ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಮನೆ ಇದೆ ಎಂದು ಡಾಕ್ಟರು ಹೇಳಿದರು. ನಿವೃತ್ತ ನರ್ಸ್ ಒಬ್ಬರು ನಡೆಸುತ್ತಾರೆ. ಹೋಗಿ ನೋಡಿದೆ. ಚೊಕ್ಕವಾಗಿತ್ತು, ಗೇಟಿಗೆ ಒಳಗಿನಿಂದ ಅಗುಳಿ ಇತ್ತು, ಮುದುಕಿಯರ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ತಿಂಗಳ ಖರ್ಚು ಕೇಳಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾನು ತಿಂಗಳಿಡೀ ಬ್ಲೌಸು ಹೊಲಿದರೂ ಅಷ್ಟು ಹುಟ್ಟುವುದಿಲ್ಲ. ಅವ್ವನ ಪಿಂಚಣಿ ಅವಳ ಔಷಧಿಗೇ ಸಾಲದು. ಆಸ್ಪತ್ರೆಯ ಕಾರ್ಡು ನಡೆಯುತ್ತದಾ ಎಂದು ತಾಲೂಕು ಕಚೇರಿಯಿಂದ ಹಿಡಿದು ಕೇಳದ ಕಡೆಯಿಲ್ಲ. ಆಪರೇಷನ್ ಆದರೆ ನಡೆಯುತ್ತದೆ, ಮರೆವಿಗೆ ನಡೆಯುವುದಿಲ್ಲ ಎಂದರು. ಕಾಲು ಮುರಿದುಕೊಂಡಿದ್ದರೆ ಅನುಕೂಲವಿತ್ತಲ್ಲ ಎಂದು ಮೆಟ್ಟಿಲಿಳಿಯುವಾಗ ನನ್ನ ತಲೆಗೆ ಬಂತು.

ಉಳಿದದ್ದು ಅಪ್ಪ ಸತ್ತ ಮೇಲೆ ಅವ್ವನ ಹೆಸರಿಗೆ ಬಂದಿದ್ದ ಗದ್ದೆ. ಹೊಸನಗರದಲ್ಲಿರುವ ತಮ್ಮ ಅದನ್ನು ಬೇಸಾಯಕ್ಕೆ ಕೊಟ್ಟಿದ್ದ. ಅವನು ಮಾರುವುದಕ್ಕೆ ಒಪ್ಪಿದ. ಆದರೆ ಅರ್ಧ ಈಗಲೇ ತನಗೆ ಬರಬೇಕು, ಮನೆಗೆ ಸ್ಲ್ಯಾಬ್ ಹಾಕಿಸಬೇಕು ಎಂದ. ಚೆನ್ನಾಗಿ ಬೈದೆ. ಬೈದು ಒಪ್ಪಿಕೊಂಡೆ. ಯಾಕೆಂದರೆ ಮಗಳ ಕಾಲೇಜಿನ ಫೀಸಿನ ಯೋಚನೆ ನನ್ನ ತಲೆಯಲ್ಲೂ ಇತ್ತು, ಅದನ್ನು ಅವನ ಹತ್ತಿರ ಹೇಳಿರಲಿಲ್ಲ.

ರಿಜಿಸ್ಟ್ರೇಷನ್ನಿಗೆ ಮುಂಚೆ ಅವ್ವನಿಗೆ ಪಾಠ ಮಾಡಿದೆ. "ಅವ್ವಾ, ಅಲ್ಲಿ ಸಾಹೇಬ್ರು ಎಂತ ಕೇಳಿದ್ರೂ ಹೌದು ಅನ್ಬೇಕು." ಅವಳಿಗೆ ಇದು ಬಲು ಬೇಗ ಹಿಡಿಸಿತು. ಊಟ ಆಯ್ತಾ ಎಂದರೂ "ಹೌದು ಸ್ವಾಮಿ" ಅನ್ನತೊಡಗಿದಳು. ಕಚೇರಿಯಲ್ಲಿ ಸೆರಗು ಹೊದ್ದು ನೆಟ್ಟಗೆ ನಿಂತಳು. ಒಪ್ಪಿ ಮಾರುತ್ತಿದ್ದೀರಾ ಅಜ್ಜಿ ಎಂದು ಕೇಳಿದರು. ಹೌದು ಸ್ವಾಮಿ ಎಂದಳು. ಹೆಬ್ಬೆಟ್ಟು ಒತ್ತಿದಳು, ಫೋಟೋಕ್ಕೆ ಮುಖ ಕೊಟ್ಟಳು. ನನ್ನ ಅವ್ವ ಅಷ್ಟು ಲಕ್ಷಣವಾಗಿ ಇದ್ದದ್ದನ್ನು ಆ ವರ್ಷದಲ್ಲಿ ನಾನು ಕಂಡಿರಲಿಲ್ಲ.

ಹೊರಗೆ ಬಂದವಳೇ ನನ್ನ ಕೈ ಹಿಡಿದು ಕೇಳಿದಳು. "ನಮ್ಮ ಹೆಸರಿಗಾಯ್ತಾ?"

ನಮ್ಮ ಅಪ್ಪ ಗೇಣಿದಾರ. ಉಳುವವನಿಗೇ ಭೂಮಿ ಅನ್ನುವ ಕಾನೂನು ಬಂದ ಮೇಲೆ ಅರ್ಜಿ ಹಾಕಿ, ಓಡಾಡಿ, ಆ ಗದ್ದೆ ನಮ್ಮದಾಯಿತು. ಅವ್ವ ಆಗ ಮದುವೆಯಾಗಿ ಬಂದ ಹೊಸದು. ಸಾಹೇಬರು ಏನು ಕೇಳಿದರೂ ಹೌದು ಅನ್ನು ಎಂದು ಅಪ್ಪ ಅವಳಿಗೆ ಹೇಳಿಕೊಟ್ಟಿದ್ದರಂತೆ. ಈ ಕಥೆಯನ್ನು ಅವಳ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ. ಆದರೂ ಪಾಠ ಮಾಡುವಾಗ ನನಗೆ ಅದು ನೆನಪಾಗಲಿಲ್ಲ. ಮರೆವು ಇದ್ದದ್ದು ಅವಳಿಗೆ ಎಂದು ಡಾಕ್ಟರು ಬರೆದಿದ್ದರು.

"ಆಯ್ತು ಅವ್ವ" ಎಂದೆ.

"ಹಂಗಾರೆ ಬಾಯಿ ಸಿಹಿ ಮಾಡ್ಬೇಕಲ್ಲ" ಎಂದಳು. ತಮ್ಮ ಎದುರಿನ ಬೇಕರಿಯಿಂದ ಮೈಸೂರುಪಾಕು ತಂದ. ಗದ್ದೆ ಕೊಂಡವರಿಗೂ ಅವಳೇ ಕೊಟ್ಟಳು. ಎಲ್ಲರೂ ತಿಂದೆವು.

ಇದಾಗಿ ಒಂದು ವರ್ಷ ದಾಟಿದೆ. ತೀರ್ಥಹಳ್ಳಿಯ ಆ ಮನೆಯಲ್ಲಿ ಅವಳು ಹೊಂದಿಕೊಂಡಳು. ಕೆಲವು ಸಲ ನನ್ನ ಗುರುತು ಹಿಡಿಯುತ್ತಾಳೆ, ಕೆಲವು ಸಲ ನನ್ನನ್ನು ತನ್ನ ನಾದಿನಿ ಅಂದುಕೊಂಡು ನನ್ನ ಮೇಲೆಯೇ ದೂರು ಹೇಳುತ್ತಾಳೆ. ದುಡ್ಡು ಮಾತ್ರ ನಾನು ಎಣಿಸಿದ್ದಕ್ಕಿಂತ ಬೇಗ ಕರಗುತ್ತಿದೆ.

ಈ ಸಲ ಭೂಮಿ ಹುಣ್ಣಿಮೆಯ ದಿನ ಬೆಳಗ್ಗೆ ಅಲ್ಲಿಂದ ಫೋನು ಬಂತು. ಅವ್ವ ತುತ್ತು ಮುಟ್ಟುತ್ತಿಲ್ಲ ಎಂದರು. ಆ ಹೊತ್ತಿಗೆ ಭತ್ತದ ಹೊಟ್ಟೆಯಲ್ಲಿ ತೆನೆ ಕಟ್ಟಿರುತ್ತದೆ. ಗದ್ದೆ ಬಸುರಿ, ಅವಳಿಗೆ ಬಯಕೆ ತೀರಿಸಬೇಕು ಎಂದು ನಮ್ಮ ಕಡೆ ಹಬ್ಬ. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಚಿತ್ತಾರ ಬರೆಯುತ್ತಾರೆ. ಕಡುಬು, ಹತ್ತಾರು ಸೊಪ್ಪು ಬೇಯಿಸಿ ಅದರಲ್ಲಿ ಹೊತ್ತೊಯ್ದು ಗದ್ದೆಗೆ ಬೀರುತ್ತಾರೆ. ಗದ್ದೆ ಉಂಡ ಮೇಲೆ ಮನೆಯವರ ಊಟ. ಗದ್ದೆಯೇ ಇಲ್ಲದ ಮೇಲೆ ನಾನು ಹಬ್ಬ ಬಿಟ್ಟಿದ್ದೆ. ಆದರೆ ಅಲ್ಲಿನ ಅಡುಗೆಯವರು ತಮ್ಮ ಮನೆಯಿಂದ ಕಡುಬು ತಂದು ಎಲ್ಲರಿಗೂ ಬಡಿಸಿದ್ದರು. ಅವ್ವ ಕಡುಬಿಗೆ ಸುತ್ತಿದ ಎಲೆ ಬಿಚ್ಚಿ ನೋಡಿದಳಂತೆ. ಗದ್ದೆಗೆ ಹಾಕಿದಿರಾ ಎಂದು ಕೇಳಿದಳಂತೆ. ಆಮೇಲೆ ತಟ್ಟೆಯನ್ನು ದೂರ ತಳ್ಳಿದಳಂತೆ.

ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ನಾನು ಹೋಗಿ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಅವ್ವ ಮಂಚದ ತುದಿಯಲ್ಲಿ ಕೂತಿದ್ದಳು, ತುಟಿ ಒಣಗಿತ್ತು. ಉಣ್ಣು ಎಂದು ಗದರಿದೆ. ಅವಳೂ ಗದರಿದಳು.

"ಬಸುರಿನ್ನ ಉಪವಾಸ ಕೆಡವಿ ನಾ ಉಣ್ಲಾ? ಎಂತ ಹೇಳ್ತೀಯಾ ನೀನು?"

ಅಡುಗೆಯವರ ಹತ್ತಿರ ಉಳಿದ ಕಡುಬು, ಪಲ್ಯ ಕೇಳಿ ಡಬ್ಬಿಗೆ ತುಂಬಿಸಿಕೊಂಡೆ. ಆಟೋ ಹಿಡಿದು ಊರಾಚೆ ಹೊರಟೆವು. ರಸ್ತೆ ಪಕ್ಕದಲ್ಲಿ ಯಾರದೋ ಗದ್ದೆ ಕಂಡಿತು. ಬೆಳಗ್ಗೆ ಅವರ ಪೂಜೆ ಮುಗಿದು ಬದುವಿನ ಮೇಲೆ ಚೆಂಡುಹೂವು ಬಾಡಿತ್ತು. ಯಾರೂ ಇರಲಿಲ್ಲ. ಆಟೋದವರಿಗೆ ನಿಲ್ಲಿಸಲು ಹೇಳಿ ಅವ್ವನನ್ನು ಹಿಡಿದು ಇಳಿಸಿದೆ.

ಅವಳು ಪೈರನ್ನು ಬಗ್ಗಿಸಿ ಅದರ ಹೊಟ್ಟೆ ಒತ್ತಿ ನೋಡಿದಳು. ಆಚೀಚೆ ಕಣ್ಣಾಡಿಸಿದಳು. "ಇದು ನಮ್ದಾ?"

"ನಮ್ದೇ ಅವ್ವ."

"ರಸ್ತೆ ಆಚೆ ಇತ್ತಲ್ಲೇ?"

"ಹೊಸ ರಸ್ತೆ ಮಾಡಿದಾರೆ."

ನನ್ನ ಬಾಯಿಗೆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು. ಅವ್ವ ನಂಬಿದಳು. ಕಡುಬು ಮುರಿದು ಪಲ್ಯದಲ್ಲಿ ಕಲಸಿ ಗದ್ದೆಗೆ ಬೀರಿದಳು. ಅಪ್ಪ ಸತ್ತ ಮೇಲೆ, ಗಂಡಸರು ಬೀರಬೇಕು ಎಂದು ಊರವರು ಗೊಣಗಿದರೂ ಕೇಳದೆ ಅವಳೇ ಬೀರುತ್ತಿದ್ದಳು. ಆ ಬೀಸು ಕೈಯಲ್ಲಿ ಹಾಗೇ ಇತ್ತು. ಬಾರವ್ವ, ಉಣ್ಣವ್ವ ಎಂದು ಗಟ್ಟಿಯಾಗಿ ಕರೆದಳು. ಆಟೋದವರು ಚಪ್ಪಲಿ ಬಿಟ್ಟು ನಿಂತರು.

ಆಮೇಲೆ ಬದುವಿನ ಮೇಲೆ ಕೂತು ಅವಳು ಉಂಡಳು. ಹಸಿದಿದ್ದಳು, ಚೆನ್ನಾಗಿಯೇ ಉಂಡಳು. ಹೋದ ಸಲಕ್ಕಿಂತ ಕೆನ್ನೆ ತುಂಬಿಕೊಂಡಿತ್ತು. ಹೋದ ವಾರ ಫೋನು ಮಾಡಿದಾಗ, ಅವ್ವನ ಬಿಪಿ, ಶುಗರ್ ಎಲ್ಲ ಸರಿಯಿದೆ, ಇನ್ನೂ ಬಹಳ ವರ್ಷ ಗಟ್ಟಿ ಎಂದು ಆ ನರ್ಸಮ್ಮ ಖುಷಿಯಿಂದ ಹೇಳಿದ್ದರು. ನಾನು "ಹೌದಾ" ಎಂದಷ್ಟೇ ಹೇಳಿದ್ದೆ.

"ನೀ ಉಂಡಿಲ್ಲಲ್ಲ ಮಗಾ" ಎಂದು ಅವ್ವ ಒಂದು ತುತ್ತು ಮಾಡಿ ನನ್ನ ಬಾಯಿಗಿಟ್ಟಳು. "ಬರೋ ವರ್ಷ ಬುಟ್ಟಿಗೆ ನಾನೇ ಚಿತ್ತಾರ ಬರೀತೀನಿ. ಮರೀದೆ ಕರ್ಕೊಂಡು ಬಾ."

ಬರುವ ವರ್ಷ ಈ ಹೊತ್ತಿಗೆ ಗದ್ದೆಯ ದುಡ್ಡು ಮುಗಿದಿರುತ್ತದೆ. ಅಷ್ಟರೊಳಗೆ ಇವಳೂ ಹೋದರೆ ಒಳ್ಳೆಯದು ಎಂದುಕೊಂಡೆ. ಅವಳು ಇಟ್ಟ ತುತ್ತು ಇನ್ನೂ ನನ್ನ ಬಾಯಲ್ಲಿತ್ತು.